ಒಂದೇ ಗೇಮ್ ಕೊಳ್ಳುವಷ್ಟು ದುಡ್ಡು, ರಾತ್ರಿ ಒಂದು ಗಂಟೆ ಸಮಯ: ಮುಂದೆ ಯಾವುದು ಆಡಲಿ?

ನೀಲಿಗುಬ್ಬಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ಹಾಲೋ ನೈಟ್ ಅನ್ನುವ ಗೇಮ್ ಮುಗಿಸಿದೆ. ಏಳು ತಿಂಗಳು ಹಿಡಿಯಿತು. ವಾಚರ್ ನೈಟ್ಸ್ ಹತ್ತಿರ ಎರಡು ವಾರ ಸಿಕ್ಕಿಹಾಕಿಕೊಂಡಿದ್ದೆ. ಆರು ಕಾವಲುಗಾರರು, ಒಬ್ಬನನ್ನು ಬೀಳಿಸುವಷ್ಟರಲ್ಲಿ ಇನ್ನೊಬ್ಬ ಎದ್ದು ಬರುತ್ತಾನೆ. ಕೊನೆಗೆ ಒಂದು ದಿನ ಆ ಕೋಣೆಯ ಮೇಲುಗಡೆ ಹೋಗುವ ಗುಟ್ಟಿನ ದಾರಿ ಸಿಕ್ಕಿತು. ಅಲ್ಲಿ ತೂಗುದೀಪದ ಕಟ್ಟು ಕಡಿದರೆ ದೀಪ ದಬಕ್ಕಂತ ಕೆಳಗೆ ಬೀಳುತ್ತದೆ, ಕಾದಾಟ ಶುರುವಾಗುವ ಮೊದಲೇ ಒಬ್ಬ ಕಡಿಮೆ. ಅವತ್ತು ಆದ ಖುಷಿ ಆರೂ ಜನರನ್ನು ಗೆದ್ದ ದಿನವೂ ಆಗಲಿಲ್ಲ. ನನಗೆ ಇಷ್ಟ ಇರುವುದು ಹೊಡೆದಾಟಕ್ಕಿಂತ ಹುಡುಕಾಟ ಅಂತ ಆಗ ಗೊತ್ತಾಯಿತು.

ಈಗ ಮುಂದಿನ ಗೇಮ್ ಹುಡುಕುತ್ತಿದ್ದೇನೆ. ನನ್ನ ಪರಿಸ್ಥಿತಿ ಹೇಳಿಬಿಡುತ್ತೇನೆ. ಮುಂದಿನ ಮೂರ್ನಾಲ್ಕು ತಿಂಗಳಿಗೆ ಒಂದೇ ಗೇಮ್, ಅದೂ ಸೇಲ್‌ನಲ್ಲಿ. ಎಂಟು ವರ್ಷದ ಹಳೆಯ ಲ್ಯಾಪ್‌ಟಾಪ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, 8 ಜಿಬಿ ರ್‍ಯಾಮ್. ಮಗು ಮಲಗಿದ ಮೇಲೆ ಒಂದು ಗಂಟೆ ಸಿಗುತ್ತದೆ, ಕೆಲವೊಮ್ಮೆ ಅದೂ ಅರ್ಧಕ್ಕೇ ನಿಲ್ಲುತ್ತದೆ. ಇನ್ನೊಂದು ಮುಖ್ಯ ವಿಷಯ: ಬಲ ಮಣಿಕಟ್ಟು ನೋಯುತ್ತಿದೆ. ಒಂದೇ ಸಮನೆ ಗುಂಡಿ ಒತ್ತುವ ಆಟ ಸದ್ಯಕ್ಕೆ ಆಗುವುದಿಲ್ಲ.

ದುಡ್ಡು ಕಡಿಮೆ ಇರುವಾಗ ತಪ್ಪು ಗೇಮ್ ಕೊಂಡರೆ ತುಂಬಾ ಬೇಜಾರಾಗುತ್ತದೆ. ಅದಕ್ಕೇ ಕೊಳ್ಳುವ ಮೊದಲು ನಿಮ್ಮನ್ನೆಲ್ಲ ಕೇಳುತ್ತಿದ್ದೇನೆ.

ಕಾಡುಮಲ್ಲಿಗೆ

ಸಿಲ್ಕ್‌ಸಾಂಗ್! ಹಾಲೋ ನೈಟ್‌ನದೇ ಮುಂದಿನ ಗೇಮ್. 2019ರಲ್ಲಿ ಘೋಷಣೆಯಾಗಿದ್ದು 2025ರ ಸೆಪ್ಟೆಂಬರ್ 4ರಂದು ಬಂತು. ಅಷ್ಟು ವರ್ಷ ಕಾಯಿಸಿದರೂ ಬೆಲೆ ಮಾತ್ರ ಚಿಕ್ಕದಾಗಿಯೇ ಇಟ್ಟರು. ಹಾಲೋ ನೈಟ್ ಇಷ್ಟಪಟ್ಟವರು ಬೇರೆಲ್ಲಿಗೂ ಹೋಗಬೇಕಾಗಿಲ್ಲ.

ಬೆಳ್ಳಕ್ಕಿ

ಮಣಿಕಟ್ಟು ನೋವು ಅಂದಿದ್ದಾರಲ್ಲ, ಮಲ್ಲಿಗೆಯವರೇ. ಸಿಲ್ಕ್‌ಸಾಂಗ್ ಮೊದಲನೆಯದಕ್ಕಿಂತ ವೇಗ, ಮೊದಲನೆಯದಕ್ಕಿಂತ ಕಷ್ಟ. ಕೈ ಸರಿಹೋದ ಮೇಲೆ ಖಂಡಿತ ಆಡಲಿ, ಈಗ ಬೇಡ.

ಕಲ್ಲುಬಂಡೆ

ನಾನು ಗೇಮ್ ಕೊಳ್ಳುವಾಗ ಒಂದೇ ಲೆಕ್ಕ ಹಾಕುತ್ತೇನೆ: ಕೊಟ್ಟ ದುಡ್ಡನ್ನು ಆಡುವ ಗಂಟೆಗಳಿಂದ ಭಾಗಿಸಿ ನೋಡುತ್ತೇನೆ. ನಾನು ಓದುತ್ತಿದ್ದಾಗ ವರ್ಷಕ್ಕೆ ಎರಡೇ ಗೇಮ್ ಕೊಳ್ಳಲು ಆಗುತ್ತಿತ್ತು. ಆಗ ನನ್ನನ್ನು ಕಾಪಾಡಿದ್ದು ಈ ಲೆಕ್ಕವೇ. ಟೆರೇರಿಯಾ 2011ರಲ್ಲಿ ಬಂದಿದ್ದು, ಇಷ್ಟು ವರ್ಷ ಆದರೂ ಪುಕ್ಕಟೆಯಾಗಿ ಹೊಸ ಸಾಮಾನು ಸೇರಿಸುತ್ತಲೇ ಬಂದರು. ವಿಚರ್ 3 ಬಂದಿದ್ದು 2015ರಲ್ಲಿ. ಅದರ ಎರಡು ವಿಸ್ತರಣೆಗಳೂ ಸೇರಿದ ಆವೃತ್ತಿ ಸೇಲ್ ಬಂದಾಗಲೆಲ್ಲ ತುಂಬಾ ಇಳಿಯುತ್ತದೆ. ಎಲ್ಲ ಆಡಿದರೆ ನೂರು ಗಂಟೆ ದಾಟುತ್ತದೆ. ಒಂದೇ ಗೇಮ್ ಅಂದರೆ ದೊಡ್ಡದನ್ನೇ ತೆಗೆದುಕೊಳ್ಳಬೇಕು.

ಬೆಳ್ಳಕ್ಕಿ

ಬಂಡೆಯವರೇ, ನಿಮ್ಮ ಲೆಕ್ಕ ತಪ್ಪು ಅನ್ನುವುದಿಲ್ಲ. ಆದರೆ ಅದರಲ್ಲಿ ಒಂದು ಕೊರತೆ ಇದೆ. ಭಾಗಿಸಬೇಕಾದದ್ದು ಗೇಮ್‌ನಲ್ಲಿ ಎಷ್ಟು ಗಂಟೆ ಇದೆ ಅನ್ನುವುದರಿಂದ ಅಲ್ಲ, ನಾವು ನಿಜವಾಗಿ ಎಷ್ಟು ಗಂಟೆ ಆಡುತ್ತೇವೆ ಅನ್ನುವುದರಿಂದ.

ನನ್ನದೇ ಹೇಳುತ್ತೇನೆ. ವಿಚರ್ 3 ಸೇಲ್‌ನಲ್ಲಿ ತೆಗೆದುಕೊಂಡೆ. ಮೊದಲ ವಾರ ದಿನಾ ಆಡಿದೆ. ಆಮೇಲೆ ಕೆಲಸ ಬಂತು, ಹದಿನೈದು ದಿನ ಬಿಟ್ಟೆ. ವಾಪಸ್ ಬಂದರೆ ಯಾವ ಗುಂಡಿ ಯಾವ ಮಂತ್ರಕ್ಕೆ ಅನ್ನುವುದೇ ಮರೆತುಹೋಗಿದೆ. ಯಾರ ಮಗಳನ್ನು ಹುಡುಕುತ್ತಿದ್ದೆ, ಯಾಕೆ ಹುಡುಕುತ್ತಿದ್ದೆ, ಒಂದೂ ನೆನಪಿಲ್ಲ. ನೆನಪು ಮಾಡಿಕೊಳ್ಳುವಷ್ಟರಲ್ಲಿ ಗಂಟೆ ಮುಗಿಯಿತು. ಮೂರು ಸಲ ಹೀಗಾಯಿತು. ಅದು ಅದ್ಭುತ ಗೇಮ್ ಅನ್ನುವುದರಲ್ಲಿ ಅನುಮಾನವೇ ಇಲ್ಲ. ಆದರೆ ನನ್ನ ಲೆಕ್ಕದಲ್ಲಿ ಅದು ಹನ್ನೆರಡು ಗಂಟೆಯ ಗೇಮ್ ಆಗಿ ನಿಂತುಬಿಟ್ಟಿತು.

ಅದೇ ಪೋರ್ಟಲ್ ಅನ್ನುವ ಗೇಮ್ ನೋಡಿ. 2007ರದ್ದು, ಮೂರ್ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಗೋಡೆಗೆ ಒಂದು ಬಾಗಿಲು, ನೆಲಕ್ಕೆ ಒಂದು ಬಾಗಿಲು, ಮೇಲಿನಿಂದ ಹಾರಿ ನೆಲದ ಬಾಗಿಲಿಗೆ ಬಿದ್ದರೆ ಬಿದ್ದ ವೇಗದಲ್ಲೇ ಗೋಡೆಯಿಂದ ಚಿಮ್ಮಿ ಹೊರಗೆ ಬರುತ್ತೀರಿ. ಮೊದಲ ಸಲ ಅದು ಅರ್ಥವಾದ ಕ್ಷಣ ಇವತ್ತಿಗೂ ನನ್ನ ಮನಸ್ಸಲ್ಲಿದೆ. ರಾತ್ರಿ ಒಂದು ಗಂಟೆ ಸಿಗುವವರಿಗೆ ಮುಗಿಯುವ ಗೇಮೇ ಅಗ್ಗದ ಗೇಮ್.

ಕಲ್ಲುಬಂಡೆ

ಒಪ್ಪಿದೆ. ಓದುವ ಕಾಲದಲ್ಲಿ ನನಗೆ ಸಮಯ ಬೇಕಾದಷ್ಟಿತ್ತು, ದುಡ್ಡು ಇರಲಿಲ್ಲ. ಗುಬ್ಬಿಯವರಿಗೆ ಎರಡೂ ಕಡಿಮೆ. ಹಾಗಾದರೆ ಲೆಕ್ಕ ಬೇರೆಯೇ ಆಗುತ್ತದೆ.

ಹಾಗಿದ್ದರೆ ಸ್ಟಾರ್‌ಡ್ಯೂ ವ್ಯಾಲಿ ಹೇಗೆ? 2016ರಲ್ಲಿ ಬಂತು. ಎರಿಕ್ ಬರೋನ್ ಅನ್ನುವ ಒಬ್ಬರೇ ಚಿತ್ರ, ಸಂಗೀತ, ಕೋಡು ಎಲ್ಲ ಮಾಡಿದ್ದು. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಸಲೀಸಾಗಿ ಓಡುತ್ತದೆ. ಹೊಲ ಉಳಬೇಕು, ಮೀನು ಹಿಡಿಯಬೇಕು, ಊರಿನವರ ಜೊತೆ ಸ್ನೇಹ ಮಾಡಬೇಕು. ಬಿಟ್ಟು ಬಂದರೂ ಮರೆಯುವಂಥದ್ದು ಜಾಸ್ತಿ ಇಲ್ಲ.

ಮೂಡಲಗಾಳಿ

ಸ್ಟಾರ್‌ಡ್ಯೂ ನಾನು ಮೂರು ವರ್ಷದಿಂದ ಆಡುತ್ತಿದ್ದೇನೆ, ಪ್ರಾಣ ಅದು ನನಗೆ. ಆದರೂ ಗುಬ್ಬಿಯವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಆಟದ ಒಂದು ದಿನ ನಮ್ಮ ಹದಿನಾಲ್ಕು ನಿಮಿಷದಷ್ಟು ಬರುತ್ತದೆ. ಸೇವ್ ಆಗುವುದು ಆ ದಿನ ಮುಗಿಸಿ ಮಲಗಿದಾಗ ಮಾತ್ರ. ಗಣಿಯ ಆಳಕ್ಕೆ ಇಳಿದಾಗ ಮಗು ಎದ್ದರೆ ಲ್ಯಾಪ್‌ಟಾಪ್ ಹಾಗೇ ಬಿಟ್ಟು ಓಡಬೇಕು. ಮುಚ್ಚಿದರೆ ಆ ದಿನದ ಕೆಲಸ ಹೋಯಿತು. ಇನ್ನು ಮೀನು ಹಿಡಿಯುವಾಗ ಗುಂಡಿಯನ್ನು ಪದೇ ಪದೇ ಒತ್ತಿ ಬಿಡುತ್ತಿರಬೇಕು. ಮಣಿಕಟ್ಟಿಗೆ ಅದು ಒಳ್ಳೆಯದಲ್ಲ.

ನೀಲಿಗುಬ್ಬಿ

ಮೂಡಲಗಾಳಿ ಅಕ್ಕಾ, ತುಂಬಾ ಉಪಕಾರ ಆಯ್ತು. ಇಂಥ ವಿಷಯ ಯಾವ ವಿಮರ್ಶೆಯಲ್ಲೂ ಬರೆದಿರುವುದಿಲ್ಲ. ಎಲ್ಲಿ ಬೇಕಾದರೂ ನಿಲ್ಲಿಸುವಂತಿರಬೇಕು ಅನ್ನುವುದನ್ನೂ ನನ್ನ ಪಟ್ಟಿಗೆ ಸೇರಿಸಿಕೊಂಡೆ.

ಮಿಂಚುಹುಳು

ಲ್ಯಾಪ್‌ಟಾಪ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇದರಲ್ಲಿ ನಾನು ತುಂಬಾ ಪೆಟ್ಟು ತಿಂದಿದ್ದೇನೆ.

ಗೇಮ್ ಪುಟದಲ್ಲಿ ಬರೆದಿರುವ ಕನಿಷ್ಠ ಅಗತ್ಯವನ್ನು ಪೂರ್ತಿ ನಂಬಿ ಕೂರಬೇಡಿ. ಚಿತ್ರ ಸರಳವಾಗಿದೆ ಅಂದ ಮಾತ್ರಕ್ಕೆ ಹಗುರ ಅಂತಲೂ ಅಲ್ಲ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡರೆ ಹದಿನಾಲ್ಕು ದಿನದ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ಗಾಗ್ ಅನ್ನುವ ಇನ್ನೊಂದು ಅಂಗಡಿಯಲ್ಲಿ ಮೂವತ್ತು ದಿನದ ತನಕ ಅವಕಾಶ ಇದೆ. ಇದನ್ನು ಸುಮ್ನೆ ಓದಿ ಮರೆಯಬೇಡಿ, ಬಳಸಿಕೊಳ್ಳಿ. ಕೊಂಡ ದಿನವೇ ಇನ್‌ಸ್ಟಾಲ್ ಮಾಡಿ. ಮೊದಲ ಅರ್ಧ ಗಂಟೆಯಲ್ಲಿ ಮೂರು ವಿಷಯ ನೋಡಿ: ಫ್ಯಾನ್ ಎಷ್ಟು ಕೂಗುತ್ತದೆ, ಅಕ್ಷರ ಓದಲು ಬರುತ್ತದಾ, ಮಧ್ಯದಲ್ಲಿ ನಿಲ್ಲಿಸಿ ಮತ್ತೆ ತೆಗೆದರೆ ಎಲ್ಲಿಂದ ಶುರುವಾಗುತ್ತದೆ. ತುಂಬಾ ಜನ ಸೇಲ್‌ನಲ್ಲಿ ಕೊಂಡು ಆರು ತಿಂಗಳು ಹಾಗೇ ಇಡುತ್ತಾರೆ. ಆಮೇಲೆ ತೆರೆದು ಓಡದೇ ಹೋದರೆ ಏನೂ ಮಾಡಲು ಆಗುವುದಿಲ್ಲ.

ಡೆಮೊ ಇದ್ದರೆ ಇನ್ನೂ ಒಳ್ಳೆಯದು, ಅದನ್ನೇ ಮೊದಲು ಆಡಿ. ಚಾರ್ಜರ್ ಹಾಕಿಕೊಂಡೇ ಆಡಿ, ಬ್ಯಾಟರಿಯಲ್ಲಿ ಲ್ಯಾಪ್‌ಟಾಪ್ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಬ್ರೌಸರ್ ಮುಚ್ಚಿ. ರೆಸಲ್ಯೂಶನ್ 720ಕ್ಕೆ ಇಳಿಸಿದರೆ ಎಷ್ಟೋ ಗೇಮ್‌ಗಳು ಉಸಿರಾಡುತ್ತವೆ.

ಹುಡುಕಾಟ ಇಷ್ಟ ಅಂದಿರಿ. ಹಾಗಾದರೆ ಔಟರ್ ವೈಲ್ಡ್ಸ್ ಅಂತ ಎಲ್ಲರೂ ಹೇಳುತ್ತಾರೆ. 2019ರದ್ದು, 22 ನಿಮಿಷಕ್ಕೊಮ್ಮೆ ಕಾಲ ಮತ್ತೆ ಮೊದಲಿಗೆ ಬರುತ್ತದೆ, ಪ್ರತಿ ಸಲ ನೀವು ಹೊತ್ತು ತರುವುದು ತಿಳಿದುಕೊಂಡ ವಿಷಯ ಮಾತ್ರ. ನಾನು ಆಡಿದ ಅತ್ಯುತ್ತಮ ಗೇಮ್ ಅದು. ಆದರೆ ನಿಮ್ಮ ಲ್ಯಾಪ್‌ಟಾಪ್‌ಗೆ ಭಾರ. ಒಳ್ಳೆಯ ಮೆಷಿನ್ ಬರುವ ತನಕ ಯಾರಾದರೂ ಅದರ ಕಥೆ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳಿ.

ಗೆಜ್ಜೆನಾದ

ದುಡ್ಡೇ ಕೊಡದೆ ಆಡಬಹುದಾದ ಒಳ್ಳೆಯ ಗೇಮ್‌ಗಳೂ ಇವೆಯಲ್ಲ, ಯಾರೂ ಹೇಳಲೇ ಇಲ್ಲ. ಕೇವ್ ಸ್ಟೋರಿ 2004ರಲ್ಲಿ ಬಂತು. ಜಪಾನಿನ ಒಬ್ಬರೇ ಐದು ವರ್ಷ ಕೂತು ಮಾಡಿ ಪುಕ್ಕಟೆ ಹಂಚಿದ್ದು. ಹಾಲೋ ನೈಟ್‌ನಂಥ ಆಟಗಳು ಇಷ್ಟ ಇರುವವರು ಒಮ್ಮೆ ನೋಡಲೇಬೇಕು. ಬ್ಯಾಟಲ್ ಫಾರ್ ವೆಸ್ನಾತ್ 2003ರಿಂದ ಇದೆ. ಸರದಿ ಪ್ರಕಾರ ಆಡುವ ಯುದ್ಧದ ಆಟ, ಜನರೇ ಸೇರಿ ಬೆಳೆಸಿದ್ದು, ಮಣಿಕಟ್ಟಿಗೆ ಏನೂ ತೊಂದರೆ ಇಲ್ಲ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ಓಡುತ್ತದೆ. ಎಪಿಕ್ ಕಂಪನಿಯವರು ಆನ್‌ಲೈನ್ ಗೇಮ್ ಅಂಗಡಿ ತೆರೆದ 2018ರ ಡಿಸೆಂಬರ್‌ನಿಂದ ಪುಕ್ಕಟೆ ಗೇಮ್ ಕೊಡುತ್ತಲೇ ಬಂದಿದ್ದಾರೆ, ಈಗ ವಾರಕ್ಕೊಂದು ಸಿಗುತ್ತದೆ.

ಇನ್ನೊಂದು ಬಗೆ ಇದೆ. ಶುರುಮಾಡಲು ಪುಕ್ಕಟೆ, ಆಮೇಲೆ ಒಳಗೆ ದುಡ್ಡು. ಅದರಲ್ಲೂ ಒಳ್ಳೆಯವು ಇವೆ. ಆದರೆ ದಿನಾ ಬಂದು ಬಹುಮಾನ ತೆಗೆದುಕೋ ಅನ್ನುವ ಆಟ, ಪೆಟ್ಟಿಗೆ ತೆರೆದರೆ ಅದೃಷ್ಟ ಇದ್ದರೆ ಒಳ್ಳೆಯ ಪಾತ್ರ ಸಿಗುತ್ತದೆ ಅನ್ನುವ ಆಟ, ಇವುಗಳಿಂದ ದೂರ ಇರಿ. ದುಡ್ಡು ಕಡಿಮೆ ಇರುವವರಿಗೇ ಅದು ಜಾಸ್ತಿ ದುಬಾರಿ.

ನೀಲಿಗುಬ್ಬಿ

ಆ ನೋವು ನನಗೆ ಗೊತ್ತು ಗೆಜ್ಜೆಯವರೇ. ಹಾಲೋ ನೈಟ್‌ಗೂ ಮೊದಲು ಮೊಬೈಲ್‌ನಲ್ಲಿ ಅಂಥದ್ದೊಂದು ಆಡುತ್ತಿದ್ದೆ. ಹೆಸರು ಬೇಡ. ಸಣ್ಣ ಸಣ್ಣ ಮೊತ್ತ ಅಲ್ವಾ ಅಂತ ಕೊಡುತ್ತಾ ಹೋದೆ. ಒಂದು ದಿನ ಕೂತು ಎಲ್ಲ ಕೂಡಿಸಿ ನೋಡಿದಾಗ ಕೈಕಾಲು ತಣ್ಣಗಾಯಿತು. ಆ ದುಡ್ಡಿಗೆ ನಾಲ್ಕು ಒಳ್ಳೆಯ ಗೇಮ್ ಬರುತ್ತಿದ್ದವು. ಅವತ್ತೇ ಅಳಿಸಿ ಹಾಕಿದೆ. ಒಂದು ಸಲ ದುಡ್ಡು ಕೊಟ್ಟರೆ ಮುಗಿಯಬೇಕು, ಆಮೇಲೆ ಆಟ ನನ್ನ ಪರ್ಸಿನ ಕಡೆ ನೋಡಬಾರದು ಅಂತ ಆವತ್ತೇ ತೀರ್ಮಾನ ಮಾಡಿದೆ.

ವೆಸ್ನಾತ್ ಈಗಲೇ ಡೌನ್‌ಲೋಡ್‌ಗೆ ಹಾಕಿದ್ದೇನೆ. ಸೇಲ್ ಬರುವ ತನಕ ಆಡುತ್ತಿರುತ್ತೇನೆ.

ಹಾಲುಗಲ್ಲ

ಬಲಾಟ್ರೊ ಹೇಳದೆ ಈ ಚರ್ಚೆ ಮುಗಿಸಬಾರದು. 2024ರ ಫೆಬ್ರವರಿಯಲ್ಲಿ ಬಂತು. ಇಸ್ಪೀಟಿನ ಎಲೆ ಇದೆ ಅಂತ ಜೂಜು ಅಂದುಕೊಳ್ಳಬೇಡಿ, ನಿಜವಾದ ದುಡ್ಡಿನ ಮಾತೇ ಇಲ್ಲ. ಒಂದು ಲೆಕ್ಕ ತೋರಿಸುತ್ತೇನೆ, ಅದರ ರುಚಿ ಅಲ್ಲೇ ಇದೆ.

ಎರಡು ರಾಜರ ಜೋಡಿ ಇಳಿಸಿದಿರಿ ಅನ್ನಿ. ಜೋಡಿ ಅನ್ನುವುದಕ್ಕೆ 10 ಚಿಪ್ಸ್ (ಅಂದರೆ ಅಂಕ), ಗುಣಕ 2. ರಾಜರಿಗೆ ತಲಾ 10. ಒಟ್ಟು 30, ಅದಕ್ಕೆ 2 ಗುಣಿಸಿ 60. ಮೊದಲ ಸುತ್ತು ದಾಟಲು 300 ಬೇಕು, ಎಲೆ ಇಳಿಸಲು ನಾಲ್ಕೇ ಅವಕಾಶ. ಬರೀ ಇಂಥ ಜೋಡಿ ಇಳಿಸಿದರೆ 240ಕ್ಕೇ ನಿಲ್ಲುತ್ತೀರಿ, ಸೋಲು. ಹೇಗೋ ದಾಟಿದರೆ ಅಂಗಡಿ ತೆರೆಯುತ್ತದೆ. ಅಲ್ಲಿ ಒಂದು ಸಾದಾ ಜೋಕರ್ ಸಿಕ್ಕರೆ ಗುಣಕಕ್ಕೆ 4 ಸೇರುತ್ತದೆ. ಈಗ ಅದೇ ಎರಡು ರಾಜರಿಗೆ 30 ಗುಣಿಸು 6, ಅಂದರೆ 180. ಒಂದೇ ಒಂದು ಎಲೆಯಿಂದ ಮೂರು ಪಟ್ಟು! ಅಂಥ ಜೋಕರ್‌ಗಳು ನೂರೈವತ್ತು ಇವೆ, ಒಂದರ ಜೊತೆ ಒಂದು ಸೇರಿ ಏನೇನೋ ಮಾಡುತ್ತವೆ. ಒಂದೇ ಕೈಯಲ್ಲಿ ಮೌಸ್ ಹಿಡಿದು ಆಡಬಹುದು, ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಮೂಡಲಗಾಳಿ

ಬಲಾಟ್ರೊ ನಿಜಕ್ಕೂ ಚೆನ್ನಾಗಿದೆ. ಆದರೆ ಇನ್ನೊಂದು ಸಲ, ಇನ್ನೊಂದೇ ಸಲ ಅಂತ ರಾತ್ರಿ ಎರಡಾಗುತ್ತದೆ. ಮಗು ಇರುವ ಮನೆಯಲ್ಲಿ ನಿದ್ದೆಯೂ ಖರ್ಚಿನ ಲೆಕ್ಕಕ್ಕೇ ಬರುತ್ತದೆ.

ತುಂಬೆಹೂ

ನನಗೂ ಮಣಿಕಟ್ಟಿನ ನೋವಿದೆ, ಎರಡು ವರ್ಷ ಆಯಿತು. ವೇಗದ ಆಟಗಳನ್ನು ಬಿಡಬೇಕಾಗಿ ಬಂದಾಗ ಅತ್ತುಬಿಟ್ಟಿದ್ದೆ. ಅದಕ್ಕೇ ಗುಬ್ಬಿಯವರ ಮಾತು ಓದಿ ಬರೆಯಲೇಬೇಕು ಅನ್ನಿಸಿತು. ಮೊದಲು ಡಾಕ್ಟರ್‌ಗೆ ತೋರಿಸಿ, ಮುಂದೂಡಬೇಡಿ.

ಆಮೇಲೆ ಇಂಟು ದ ಬ್ರೀಚ್ ನೋಡಿ. 2018ರದ್ದು. ಚದುರಂಗದ ಥರ ಎಂಟಕ್ಕೆ ಎಂಟು ಮನೆಯ ಹಲಗೆ, ನಿಮ್ಮ ಹತ್ತಿರ ಮೂರು ಯಂತ್ರ, ಎದುರಿಗೆ ದೈತ್ಯ ಹುಳುಗಳು. ಮುಂದಿನ ಸರದಿಯಲ್ಲಿ ಯಾವ ಹುಳು ಯಾವ ಮನೆಗೆ ಹೊಡೆಯುತ್ತದೆ ಅಂತ ಮೊದಲೇ ತೋರಿಸುತ್ತದೆ. ಸಮಯದ ಮಿತಿ ಇಲ್ಲ. ಹತ್ತು ನಿಮಿಷ ಕೂತು ಯೋಚಿಸಿ ಮೂರೇ ಕ್ಲಿಕ್ ಮಾಡಬಹುದು.

ನಿನ್ನೆ ರಾತ್ರಿಯದು ಹೇಳುತ್ತೇನೆ. ಒಂದು ಹುಳು ಜನ ತುಂಬಿದ ಕಟ್ಟಡಕ್ಕೆ ಗುರಿ ಇಟ್ಟಿತ್ತು. ಅದನ್ನು ಕೊಲ್ಲುವಷ್ಟು ಶಕ್ತಿ ನನ್ನ ಯಂತ್ರಕ್ಕಿಲ್ಲ. ಆದರೆ ಗುದ್ದಿದರೆ ಒಂದು ಮನೆ ಪಕ್ಕಕ್ಕೆ ಸರಿಯುತ್ತದೆ. ಸರಿಸಿದೆ. ಹುಳು ಹೊಡೆಯುವ ದಿಕ್ಕು ಬದಲಾಗಲಿಲ್ಲ, ಆದರೆ ನಿಂತ ಜಾಗ ಬದಲಾಗಿತ್ತು. ಈಗ ಆ ಏಟಿನ ದಾರಿಯಲ್ಲಿ ಇದ್ದದ್ದು ಇನ್ನೊಂದು ಹುಳು. ಅದನ್ನು ಇದೇ ಹೊಡೆದು ಕೊಂದಿತು. ಕಟ್ಟಡ ಉಳಿಯಿತು. ಒಂದೇ ಗುದ್ದು, ಒಂದೇ ಕ್ಲಿಕ್. ವೇಗದ ಆಟಗಳಲ್ಲಿ ಸಿಗುತ್ತಿದ್ದ ಆ ಜುಂ ಅನ್ನುವ ಅನುಭವ ನನಗೆ ಮತ್ತೆ ಸಿಕ್ಕಿದ್ದು ಇಲ್ಲಿ.

ಇನ್ನೊಂದು: 2022ರಲ್ಲಿ ಹೊಸ ಯಂತ್ರಗಳು, ಹೊಸ ಆಯುಧಗಳು ಇರುವ ದೊಡ್ಡ ಅಪ್‌ಡೇಟ್ ಬಂತು, ಹಳೆಯ ಗ್ರಾಹಕರಿಗೆಲ್ಲ ಪುಕ್ಕಟೆ.

ಇಬ್ಬನಿದಾರಿ

ಯಾವುದೇ ಕೊಳ್ಳಿ, ಎಲ್ಲಿ ಕೊಳ್ಳುತ್ತೀರಿ ಅನ್ನುವುದನ್ನೂ ನೋಡಿ. ಕೀ, ಅಂದರೆ ಗೇಮ್ ತೆರೆಯುವ ಕೋಡ್, ಮಾರುವ ಬೇರೆ ಬೇರೆ ಸೈಟ್‌ಗಳಿವೆ. ಅಲ್ಲಿ ಬೆಲೆ ತುಂಬಾ ಕಡಿಮೆ ಕಾಣುತ್ತದೆ. ನಾನು ಅಂಥದ್ದೊಂದರಲ್ಲಿ ಕೊಂಡೆ. ಎರಡು ತಿಂಗಳು ಆಡಿದೆ, ಒಂದು ದಿನ ಗೇಮ್ ನನ್ನ ಲೈಬ್ರರಿಯಿಂದ ಮಾಯ. ಕೀ ರದ್ದಾಗಿದೆ ಅಂತ ಮೇಲ್ ಬಂತು. ಮಾರಿದವನು ಉತ್ತರವನ್ನೇ ಕೊಡಲಿಲ್ಲ. ಕದ್ದ ಕಾರ್ಡ್‌ನಿಂದ ಕೊಂಡ ಕೀಗಳೂ ಇಂಥ ಕಡೆ ಬರುತ್ತವೆ, ಅವನ್ನು ರದ್ದು ಮಾಡಿದಾಗ ಕೊನೆಗೆ ಕೊಂಡವನೇ ಮುಳುಗುತ್ತಾನೆ. ಗೇಮ್ ಮಾಡಿದವರಿಗಂತೂ ಅದರಿಂದ ಏನೂ ಸಿಗುವುದಿಲ್ಲ.

ಅದರ ಬದಲು ಕಾಯಿರಿ. ವಿಶ್‌ಲಿಸ್ಟ್‌ಗೆ ಹಾಕಿದರೆ ಬೆಲೆ ಇಳಿದಾಗ ಮೇಲ್ ಬರುತ್ತದೆ. ಈಸ್ ದೇರ್ ಎನಿ ಡೀಲ್ ಅನ್ನುವ ಸೈಟ್‌ನಲ್ಲಿ ಒಂದು ಗೇಮ್ ಇದುವರೆಗೆ ಎಷ್ಟು ಕೆಳಗೆ ಇಳಿದಿತ್ತು ಅಂತ ನೋಡಬಹುದು. ಹಳೆಯ ಕನಿಷ್ಠ ಬೆಲೆ ಗೊತ್ತಿದ್ದರೆ ಈಗಿನ ಡಿಸ್ಕೌಂಟ್ ನಿಜವಾಗಿ ದೊಡ್ಡದಾ, ಬರೀ ಕೆಂಪು ಅಕ್ಷರವಾ ಅಂತ ತಿಳಿಯುತ್ತದೆ.

ಕಾಯುವುದರಿಂದ ಇನ್ನೊಂದು ಲಾಭ ಇದೆ, ಗೇಮೇ ಸುಧಾರಿಸುತ್ತದೆ. ಸೈಬರ್‌ಪಂಕ್ 2077 ಬಂದಿದ್ದು 2020ರ ಡಿಸೆಂಬರ್‌ನಲ್ಲಿ. ಎಷ್ಟು ದೋಷ ಇತ್ತು ಅಂದರೆ ಸೋನಿಯವರು ತಮ್ಮ ಆನ್‌ಲೈನ್ ಅಂಗಡಿಯಿಂದಲೇ ಕೆಲವು ತಿಂಗಳು ತೆಗೆದುಬಿಟ್ಟಿದ್ದರು. 2023ರ ಸೆಪ್ಟೆಂಬರ್‌ನಲ್ಲಿ 2.0 ಅನ್ನುವ ದೊಡ್ಡ ಅಪ್‌ಡೇಟ್ ಬಂದ ಮೇಲೆ ಕೊಂಡವರಿಗೆ ಕಡಿಮೆ ಬೆಲೆಗೆ ಎಷ್ಟೋ ಒಳ್ಳೆಯ ಗೇಮ್ ಸಿಕ್ಕಿತು. ಎಲ್ಲ ಗೇಮ್‌ಗೂ ಇದು ನಡೆಯುವುದಿಲ್ಲ ಅನ್ನಿ. ನಿಂಟೆಂಡೊದವರ ಸ್ವಂತ ಗೇಮ್‌ಗಳು ವರ್ಷಗಟ್ಟಲೆ ಕಾದರೂ ಜಾಸ್ತಿ ಇಳಿಯುವುದಿಲ್ಲ.

ದೋಣಿಗ

ತಡವಾಗಿ ಬಂದೆ, ಕ್ಷಮಿಸಿ. ಮೇಲಿನದ್ದೆಲ್ಲ ಓದಿದೆ. ಗುಬ್ಬಿಯವರು ಮೊದಲೇ ಉತ್ತರ ಹೇಳಿಬಿಟ್ಟಿದ್ದಾರೆ ಅನ್ನಿಸುತ್ತದೆ. ಆ ತೂಗುದೀಪದ ಕ್ಷಣ! ಬರೀ ಅದರಿಂದಲೇ ತುಂಬಿದ ಗೇಮ್ ಒಂದಿದೆ. ರಿಟರ್ನ್ ಆಫ್ ದ ಓಬ್ರಾ ಡಿನ್, 2018.

ಲೂಕಸ್ ಪೋಪ್ ಮಾಡಿದ್ದು. ಕಾಲ 1807. ಐದು ವರ್ಷದ ಹಿಂದೆ ಹೊರಟು ಕಾಣೆಯಾಗಿದ್ದ ವ್ಯಾಪಾರದ ಹಡಗೊಂದು ತಾನಾಗಿ ತೇಲಿಕೊಂಡು ಬಂದಿದೆ, ಒಳಗೆ ಜೀವಂತ ಒಬ್ಬರೂ ಇಲ್ಲ. ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮೆ ವಿಭಾಗದಿಂದ ಬಂದ ತನಿಖೆಯವರು. ಕೈಯಲ್ಲಿ ಒಂದು ಗಡಿಯಾರ. ಶವದ ಹತ್ತಿರ ಅದನ್ನು ತೆರೆದರೆ ಆ ಮನುಷ್ಯ ಸತ್ತ ಕ್ಷಣಕ್ಕೆ ಹೋಗುತ್ತೀರಿ. ಮೊದಲು ಕತ್ತಲಲ್ಲಿ ಮಾತು ಕೇಳಿಸುತ್ತದೆ, ಆಮೇಲೆ ಹೆಪ್ಪುಗಟ್ಟಿ ನಿಂತ ಚಿತ್ರದೊಳಗೆ ಓಡಾಡಬಹುದು. ಒಟ್ಟು 60 ಜನ. ಯಾರು ಯಾರು, ಹೇಗೆ ಸತ್ತರು, ಕೊಂದವರು ಯಾರು ಅಂತ ಪುಸ್ತಕದಲ್ಲಿ ತುಂಬಬೇಕು.

ಹೆಸರು ಯಾರೂ ಹೇಳಿಕೊಡುವುದಿಲ್ಲ. ಒಬ್ಬ ಯಾವ ಭಾಷೆ ಮಾತಾಡಿದ, ಯಾರ ಪಕ್ಕ ನಿಂತಿದ್ದ, ಯಾವ ಬಟ್ಟೆ ಹಾಕಿದ್ದ, ಇಂಥದ್ದರಿಂದ ನೀವೇ ತಿಳಿಯಬೇಕು. ಹಡಗಿನಲ್ಲಿ ಭಾರತದ ನಾವಿಕರೂ ಇದ್ದಾರೆ. ಮೂರು ಜನರ ವಿಷಯ ಸರಿಯಾಗಿ ಬರೆದಾಗ ಮಾತ್ರ ಆಟ ಹೌದು ಅನ್ನುತ್ತದೆ, ಹಾಗಾಗಿ ಸುಮ್ನೆ ಊಹೆ ಮಾಡಿ ದಾಟುವುದು ಕಷ್ಟ. ಬಣ್ಣ ಎರಡೇ, ಹಳೆಯ ಕಂಪ್ಯೂಟರ್ ಪರದೆಯ ಥರ. ನನ್ನದೂ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್, ತೊಂದರೆ ಇಲ್ಲದೆ ಓಡಿತು. ಹತ್ತು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಗುಂಡಿ ಒತ್ತುವ ಅವಸರ ಇಲ್ಲವೇ ಇಲ್ಲ.

ಕಲ್ಲುಬಂಡೆ

ಓಬ್ರಾ ಡಿನ್ ಒಂದೇ ಸಲ ಆಡುವ ಗೇಮ್ ಅಲ್ವಾ? ಉತ್ತರ ಗೊತ್ತಾದ ಮೇಲೆ ಮತ್ತೆ ಆಡಲು ಆಗುವುದಿಲ್ಲ. ಮೂರ್ನಾಲ್ಕು ತಿಂಗಳಿಗೆ ಒಂದೇ ಅಂದಾಗ ಹತ್ತು ಗಂಟೆ ಸಾಕಾ? ಇಂಟು ದ ಬ್ರೀಚ್ ಆದರೆ ಪ್ರತಿ ಸಲ ಬೇರೆ.

ದೋಣಿಗ

ಕೇಳಬೇಕಾದ ಪ್ರಶ್ನೆಯೇ ಕೇಳಿದಿರಿ. ಆಟದ ಗಂಟೆ ಹತ್ತೇ ಇರಬಹುದು. ಆದರೆ ನಾನು ಬಸ್ಸಲ್ಲಿ ಕೂತಾಗ, ಸ್ನಾನ ಮಾಡುವಾಗ, ಆ ನಾಲ್ಕನೆಯ ಶವದ ಪಕ್ಕ ನಿಂತವನು ಯಾರು ಅಂತ ಯೋಚಿಸುತ್ತಿದ್ದೆ. ಅರ್ಧ ಗಂಟೆ ಆಡಿ ಮೂರು ದಿನ ತಲೆಯಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ. ರಾತ್ರಿ ಒಂದು ಗಂಟೆ ಸಿಗುವವರಿಗೆ ಹಗಲಿನ ಉಳಿದ ಹೊತ್ತಿಗೂ ಆಟ ಸಿಕ್ಕಂತೆ ಆಯಿತಲ್ಲ.

ಎರಡು ವಿಷಯ ಮುಚ್ಚಿಡುವುದಿಲ್ಲ. ಸಾವಿನ ದೃಶ್ಯಗಳು ಕ್ರೂರವಾಗಿವೆ, ಮಗು ಎದ್ದು ಬಂದರೆ ಪರದೆ ಮುಚ್ಚಬೇಕು. ಹೆಡ್‌ಫೋನ್ ಬೇಕೇ ಬೇಕು, ಅರ್ಧ ಸುಳಿವು ದನಿಯಲ್ಲಿದೆ.

ತುಂಬೆಹೂ

ದೋಣಿಗ ಅವರು ಹೇಳಿದ್ದು ನಿಜ. ನಾನು ಇಂಟು ದ ಬ್ರೀಚ್ ಪರ ಇದ್ದರೂ, ಹುಡುಕಾಟವೇ ಬೇಕು ಅಂದವರಿಗೆ ಹಡಗೇ ಸರಿ. ನನ್ನದು ಅದರ ಮುಂದಿನದಾಗಲಿ.

ನೀಲಿಗುಬ್ಬಿ

ಎಲ್ಲ ಓದಿ ಎರಡು ದಿನ ಯೋಚಿಸಿದೆ. ಓಬ್ರಾ ಡಿನ್ ವಿಶ್‌ಲಿಸ್ಟ್‌ಗೆ ಹಾಕಿದ್ದೇನೆ, ಹಳೆಯ ಕನಿಷ್ಠ ಬೆಲೆಯನ್ನೂ ನೋಡಿಟ್ಟುಕೊಂಡೆ. ಸೇಲ್ ಬರುವ ತನಕ ವೆಸ್ನಾತ್. ಬಂದಮೇಲೆ ಇಲ್ಲೇ ಹೇಳುತ್ತೇನೆ.

ನೀಲಿಗುಬ್ಬಿ (ಐದು ವಾರದ ನಂತರ)

ಬಂತು! ಹಳೆಯ ಕನಿಷ್ಠ ಬೆಲೆಗೇ ಸಿಕ್ಕಿತು. ಮಿಂಚುಹುಳು ಹೇಳಿದಂತೆ ಕೊಂಡ ರಾತ್ರಿಯೇ ಇನ್‌ಸ್ಟಾಲ್ ಮಾಡಿ ನೋಡಿದೆ. ಫ್ಯಾನ್ ಸ್ವಲ್ಪ ಕೂಗಿತು, ರೆಸಲ್ಯೂಶನ್ ಇಳಿಸಿದ ಮೇಲೆ ಸುಮ್ಮನಾಯಿತು. ಮಣಿಕಟ್ಟನ್ನು ಡಾಕ್ಟರ್‌ಗೂ ತೋರಿಸಿದೆ ತುಂಬೆಯವರೇ, ಪಟ್ಟಿ ಕಟ್ಟಿದ್ದಾರೆ. ಪಟ್ಟಿ ಇಟ್ಟುಕೊಂಡೇ ಆಡಬಹುದು, ಒಂದು ಚೂರೂ ನೋವಾಗಲಿಲ್ಲ.

ಒಂದು ಕಿವಿಗೆ ಮಾತ್ರ ಹೆಡ್‌ಫೋನ್, ಇನ್ನೊಂದು ಕಿವಿ ತೊಟ್ಟಿಲ ಕಡೆ. ಹಡಗು ಹತ್ತಿದರೆ ಗಾಳಿ ಮತ್ತೆ ಮರ ಕಿರುಗುಟ್ಟುವ ಸದ್ದು ಬಿಟ್ಟರೆ ಏನೂ ಇಲ್ಲ. ಕ್ಯಾಪ್ಟನ್ ಕೋಣೆಯ ಬಾಗಿಲ ಹತ್ತಿರ ಒಂದು ಅಸ್ಥಿಪಂಜರ. ಗಡಿಯಾರ ತೆರೆದೆ. ಕತ್ತಲಲ್ಲಿ ಯಾರೋ ಬಾಗಿಲು ಬಡಿಯುತ್ತಾ ಕೂಗುತ್ತಿದ್ದಾರೆ. ಆಮೇಲೆ ಗುಂಡಿನ ಸದ್ದು. ನೋಡಿದರೆ ಪಿಸ್ತೂಲಿನ ಬೆಂಕಿ ಗಾಳಿಯಲ್ಲೇ ನಿಂತಿದೆ! ಅದರ ಸುತ್ತ ಒಂದು ಪ್ರದಕ್ಷಿಣೆ ಬಂದೆ.

ಇಂದಿಗೆ ಒಂಬತ್ತು ರಾತ್ರಿ ಆಯಿತು. 21 ಜನರ ವಿಷಯ ಸರಿಯಾಗಿದೆ. ಪುಸ್ತಕದಲ್ಲಿ ಕೆಲವು ಮುಖ ಮಸುಕಾಗಿವೆ. ಅವರನ್ನು ಗುರುತಿಸುವಷ್ಟು ಸುಳಿವು ಇನ್ನೂ ಸಿಕ್ಕಿಲ್ಲ ಅಂತ ಅರ್ಥ, ಹಾಗಾಗಿ ಅವನ್ನು ಬಿಟ್ಟು ಸ್ಪಷ್ಟ ಕಾಣುವವರ ಹಿಂದೆ ಬಿದ್ದಿದ್ದೇನೆ. ನಿನ್ನೆ ಆಫೀಸಿನಲ್ಲಿ ಲಿಫ್ಟ್‌ಗೆ ಕಾಯುತ್ತಿದ್ದಾಗ ಥಟ್ಟಂತ ಹೊಳೆಯಿತು: ಆ ಮಲಗುವ ಜೋಳಿಗೆಗಳ ಮೇಲೆ ಸಂಖ್ಯೆ ಬರೆದಿದೆಯಲ್ಲ! ಸಾಯಂಕಾಲದ ತನಕ ತಡೆದುಕೊಂಡಿದ್ದು ಹೇಗೆ ಅಂತ ನನಗೇ ಗೊತ್ತಿಲ್ಲ. ಮಗು ಮಲಗಿದ ತಕ್ಷಣ ಹೋಗಿ ನೋಡಿದೆ, ಇದೆ. ಹೆಸರಿನ ಪಟ್ಟಿಯಲ್ಲೂ ಸಂಖ್ಯೆ ಇದೆ. ಒಂದೇ ರಾತ್ರಿಯಲ್ಲಿ ಮೂರು ಜನ ಸಿಕ್ಕರು.

ದೋಣಿಗ ಅಣ್ಣಾ, ನಿಮ್ಮನ್ನು ಒಂದು ವಿಷಯ ಕೇಳಬೇಕು ಅಂತ ತುಂಬಾ ಆಸೆ ಇದೆ. ಆದರೂ ಕೇಳುವುದಿಲ್ಲ, ನೀವೂ ದಯವಿಟ್ಟು ಹೇಳಬೇಡಿ. ಇನ್ನೂ 39 ಜನ ಇದ್ದಾರೆ.

ದೋಣಿಗ

ಒಂದು ಮಾತೂ ಹೇಳುವುದಿಲ್ಲ. ಬೂಟುಗಳನ್ನು ನೋಡುತ್ತಿರಿ, ಅಷ್ಟೇ.